ಒಂದೂವರೆ ಎಕರೆ ತೋಟ, ಒಂದೂವರೆ ವರ್ಷದ ಮಗುವಿನ ತಟ್ಟೆ

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ನಾನು ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಕಾರ್ಯದರ್ಶಿ. ಶಾಲೆಯ ಹಿಂದೆ ಒಂದೂವರೆ ಎಕರೆ ಜಾಗ ಪಾಳು ಬಿದ್ದಿದೆ. ಅಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆದು ಅಂಗನವಾಡಿಗೆ ಕೊಡಬೇಕು ಅಂತ ನಮ್ಮ ಹೆಂಗಸರ ಆಸೆ. ಊರಿನ ನಲವತ್ತು ಮಕ್ಕಳಲ್ಲಿ ಹನ್ನೊಂದು ಮಕ್ಕಳ ತೂಕ ಕಡಿಮೆ, ಇಬ್ಬರು ಕೆಂಪು ಪಟ್ಟಿಯಲ್ಲಿದ್ದಾರೆ ಅಂತ ಅಂಗನವಾಡಿ ಟೀಚರ್ ಹೇಳಿದರು. ಏನು ಬೆಳೆಯಬೇಕು? ಇದರಿಂದ ಮಕ್ಕಳು ನಿಜವಾಗಿ ಚೇತರಿಸಿಕೊಳ್ಳುತ್ತಾರಾ? ಪಂಚಾಯಿತಿ ಸದಸ್ಯರೊಬ್ಬರು, 'ಬೆಳೆದದ್ದನ್ನೆಲ್ಲ ಮಾರ್ಕೆಟ್ಟಿಗೆ ಹಾಕಿ, ಬಂದ ದುಡ್ಡಲ್ಲಿ ಮಕ್ಕಳಿಗೆ ಹಾಲು ಬಿಸ್ಕತ್ತು ಕೊಡಿಸಿ, ಸುಮ್ಮನೆ ಯಾಕೆ ತಲೆನೋವು' ಅಂತಾರೆ. ಅವರ ಮಾತು ಸರಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನು ಮೊದಲು ಕೇಳುತ್ತೇನೆ. ಆ ಹನ್ನೊಂದು ಮಕ್ಕಳ ವಯಸ್ಸೆಷ್ಟು?

ಟೀಚರ್ ಹತ್ತಿರ ರಿಜಿಸ್ಟರ್ ಇರುತ್ತದೆ, ನಾಳೆ ಬೆಳಿಗ್ಗೆಯೇ ಹೋಗಿ ನೋಡಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೂರು ವರ್ಷದೊಳಗಿನವರೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಹಾಗಿದ್ದರೆ ನಿಮ್ಮ ಯೋಜನೆ ಬುಡದಿಂದಲೇ ಬದಲಾಗಬೇಕು. ಅಂಗನವಾಡಿಯಲ್ಲಿ ಸಾಲಾಗಿ ಕೂತು ಬಿಸಿ ಊಟ ಮಾಡುವವರು ಮೂರರಿಂದ ಆರು ವರ್ಷದ ಮಕ್ಕಳು. ಆರು ತಿಂಗಳಿಂದ ಮೂರು ವರ್ಷದವರ ಪಾಲು ಪೊಟ್ಟಣವಾಗಿ ಮನೆಗೆ ಹೋಗುತ್ತದೆ. ನೀವು ಬುಟ್ಟಿಗಟ್ಟಲೆ ಸೊಪ್ಪು ತಂದು ಅಂಗನವಾಡಿಯ ಪಾತ್ರೆಗೆ ಸುರಿದರೂ ಅದು ಒಂದೂವರೆ ವರ್ಷದ ಮಗುವಿನ ಬಾಯಿಗೆ ಬೀಳುವುದಿಲ್ಲ, ಆ ಮಗು ಅಲ್ಲಿಗೆ ಬರುವುದೇ ಇಲ್ಲ.

ಆದರೆ ಎತ್ತರ ಕುಂಠಿತವಾಗುವುದು ಹೆಚ್ಚಾಗಿ ಆ ವಯಸ್ಸಿನಲ್ಲೇ. ಬಸಿರಿನ ದಿನಗಳೂ ಹುಟ್ಟಿದ ಮೇಲಿನ ಎರಡು ವರ್ಷವೂ ಸೇರಿ ಸಾವಿರ ದಿನ ಅಂತ ಎಲ್ಲ ತರಬೇತಿಗಳಲ್ಲೂ ಹೇಳುತ್ತಾರಲ್ಲ, ಅದು ಬರೀ ಘೋಷಣೆಯಲ್ಲ. ಆ ಅವಧಿಯಲ್ಲಿ ಹಿಂದೆ ಬಿದ್ದ ಎತ್ತರವನ್ನು ಆಮೇಲೆ ಪೂರ್ತಿ ತುಂಬಿಸುವುದು ಬಹಳ ಕಷ್ಟ. 2019-20ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು, 33 ಮಕ್ಕಳು ವಯಸ್ಸಿಗೆ ತಕ್ಕ ತೂಕ ಇಲ್ಲದವರು, 65 ಮಕ್ಕಳಿಗೆ ರಕ್ತಹೀನತೆ. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯದ ಲೆಕ್ಕ ಇದು. ಊರಲ್ಲಿ ಧಾನ್ಯ ಇಲ್ಲದ್ದರಿಂದ ಹೀಗಾಯಿತು ಅಂತ ಹೇಳಲು ಬರುವುದಿಲ್ಲ.

ಹಾಗಾದರೆ ತಪ್ಪುತ್ತಿರುವುದು ಎಲ್ಲಿ? ನಾನು ಕೃಷಿ ವಿಜ್ಞಾನ ಕೇಂದ್ರವೊಂದರಲ್ಲಿ ಗೃಹವಿಜ್ಞಾನದ ಕೆಲಸದಲ್ಲಿದ್ದವಳು. ನಿಮ್ಮ ಕಡೆಯ ಒಂದು ಮನೆಯ ಅಡುಗೆಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಂದು ಬಸ್ಸಾರು ಮಾಡಿದ್ದರು. ದಂಟಿನ ಸೊಪ್ಪು, ಅಲಸಂದೆ ಕಾಳು ಬೇಯಿಸಿ, ಬಸಿದು, ಆ ಬಸಿದ ನೀರಿಗೆ ಖಾರ ಹಾಕಿ ಸಾರು ಕುದಿಸಿದರು. ಬಸಿದ ಸೊಪ್ಪುಕಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದರು. ಮನೆಯ ಗಂಡಸರ ತಟ್ಟೆಗೆ ಮುದ್ದೆ, ಸಾರು, ಕೈತುಂಬ ಪಲ್ಯ. ಹದಿನಾಲ್ಕು ತಿಂಗಳ ಮಗುವಿಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಮೇಲೆ ಎರಡು ಸೌಟು ತಿಳಿ ಸಾರು, ಅದೂ ಖಾರವಾಗಬಾರದೆಂದು ಬಿಸಿನೀರು ಬೆರೆಸಿದ್ದು. ಪಲ್ಯ ಯಾಕೆ ಹಾಕಲಿಲ್ಲ ಅಂತ ಕೇಳಿದೆ. 'ಮಗೀಗೆ ಸೊಪ್ಪು ಅರಗಾಕಿಲ್ಲ ಕಣಕ್ಕಾ, ಭೇದಿ ಆಯ್ತದೆ' ಅಂದರು ಅಜ್ಜಿ. ಆ ಮನೆಯಲ್ಲಿ ಸೊಪ್ಪೂ ಇತ್ತು, ಕಾಳೂ ಇತ್ತು, ಎಣ್ಣೆಯೂ ಇತ್ತು, ಮಗುವಿನ ಮೇಲೆ ಪ್ರೀತಿಯಂತೂ ಬೇಕಾದಷ್ಟಿತ್ತು. ಮಗುವಿನ ಪಾಲಿಗೆ ಬಂದದ್ದು ಮಾತ್ರ ಮುದ್ದೆ ಮತ್ತು ನೀರು.

ಆ ಮನೆಯ ಹಿತ್ತಲಿಗೆ ಇನ್ನೂ ನಾಲ್ಕು ಮಡಿ ಸೊಪ್ಪು ಸೇರಿಸಿದ್ದರೆ ಯಜಮಾನರ ತಟ್ಟೆಗೆ ಇನ್ನೊಂದು ಹಿಡಿ ಪಲ್ಯ ಬೀಳುತ್ತಿತ್ತು, ಅಷ್ಟೆ.

ನಿಮ್ಮ ಎರಡನೇ ಪ್ರಶ್ನೆಗೆ, ಅಂದರೆ ಮಕ್ಕಳು ಚೇತರಿಸಿಕೊಳ್ಳುತ್ತಾರಾ ಎಂಬುದಕ್ಕೆ, ಉತ್ತರ ಇಲ್ಲಿಂದಲೇ ಶುರು. ಕೈತೋಟ, ಕೋಳಿ, ಮೀನು, ಹೈನು ಮೊದಲಾದ ಯೋಜನೆಗಳ ಮೇಲೆ ನಡೆದ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬೆಳೆದ ಪದಾರ್ಥವನ್ನು ಮನೆಯವರು ಹೆಚ್ಚು ತಿಂದದ್ದು ಹೌದು, ಆದರೆ ಮಕ್ಕಳ ಎತ್ತರ ಸುಧಾರಿಸಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಒಡಿಶಾದ ಕೆಂದುಝರ್ ಜಿಲ್ಲೆಯಲ್ಲಿ ಹಳ್ಳಿಯ ಹೆಂಗಸರೇ ಕಾಣಿಸಿಕೊಂಡ ವಿಡಿಯೊಗಳನ್ನು ತೋರಿಸಿ, ಬೇಸಾಯ ಮತ್ತು ಪೌಷ್ಟಿಕತೆ ಎರಡನ್ನೂ ಹೇಳಿಕೊಟ್ಟ ದೊಡ್ಡ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಲ್ಲೂ ಮಕ್ಕಳ ತಟ್ಟೆಗೆ ಬಗೆಬಗೆಯ ಆಹಾರ ಬಂತು, ಆದರೆ ಸೊರಗಿದ ಮಕ್ಕಳ ಸಂಖ್ಯೆ ಇಳಿಯಲಿಲ್ಲ.

ಇದನ್ನು ಓದಿ ಕೈಚೆಲ್ಲಬೇಡಿ. ಇನ್ನೊಂದು ಕಥೆಯೂ ಇದೆ. ಆಫ್ರಿಕಾದ ಮಲಾವಿ ದೇಶದ ಉತ್ತರದಲ್ಲಿ ಎಕ್ವೆಂಡೆನಿ ಅಂತ ಊರು. ಅಲ್ಲಿನವರ ಊಟ ಹೆಚ್ಚುಕಡಿಮೆ ನಮ್ಮ ಮುದ್ದೆಯಂಥದ್ದೇ, ಮೆಕ್ಕೆಜೋಳದ ಹಿಟ್ಟಿನದು. ಅಲ್ಲಿನ ಆಸ್ಪತ್ರೆಯೊಂದು 2000ದ ಸುಮಾರಿಗೆ ರೈತರ ಜೊತೆ ಸೇರಿ ಕಡಲೆಕಾಯಿ, ತೊಗರಿ, ಸೋಯಾ ಹಾಕಿಸಲು ಶುರುಮಾಡಿತು. ಉದ್ದೇಶ ಎರಡು: ಭೂಮಿಗೆ ಸಾರಜನಕ, ಮಕ್ಕಳಿಗೆ ಕಾಳು. ಬೀಜ ಕೊಟ್ಟು ಕೈ ತೊಳೆದುಕೊಳ್ಳದೆ ಊರಲ್ಲಿ ಅಡುಗೆಯ ದಿನಗಳನ್ನು ಇಟ್ಟರು. ಗಂಡಸರನ್ನೂ ಒಲೆಯ ಮುಂದೆ ಕೂರಿಸಿದರು. ಮಗುವಿಗೆ ಏನು ತಿನ್ನಿಸಬೇಕು ಅಂತ ತೀರ್ಮಾನಿಸುವವರು ಅಜ್ಜಿಯರು ಅನ್ನುವುದು ಗೊತ್ತಾದ ಮೇಲೆ ಅವರನ್ನೇ ಚರ್ಚೆಗೆ ಕರೆದರು. ಹೆಚ್ಚು ವರ್ಷ, ಹೆಚ್ಚು ಗಾಢವಾಗಿ ಇದರಲ್ಲಿ ತೊಡಗಿದ ಊರುಗಳಲ್ಲಿ ಮಕ್ಕಳ ತೂಕ ಏರಿತು. ನಾನು ಓದಿದವುಗಳಲ್ಲಿ ಬಯಲುಸೀಮೆಗೆ ತೀರ ಹತ್ತಿರವಾದದ್ದು ಇದೇ. ಮುದ್ದೆ ಉಣ್ಣುವವರು, ಮಳೆಗೆ ಮುಖ ಮಾಡಿ ಕೂತವರು, ಅಜ್ಜಿಯ ಮಾತು ನಡೆಯುವ ಮನೆಗಳು.

ಇನ್ನು ಏನು ಬೆಳೆಯಬೇಕು ಎನ್ನುವುದು. ಸಮುದಾಯ ತೋಟ ಅಂದ ಕೂಡಲೇ ಎಲ್ಲರ ಕಣ್ಣಿಗೆ ಹಸಿರು ಮಡಿಗಳೇ ಬರುತ್ತವೆ, ಒಂದೂವರೆ ಎಕರೆಯೂ ಸೊಪ್ಪು ತರಕಾರಿ. ಲೆಕ್ಕ ಹಾಕಿ ನೋಡೋಣ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 50 ಗ್ರಾಂ ಸೊಪ್ಪು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2011ರ ಮಾರ್ಗಸೂಚಿಯಲ್ಲಿ ಕೊಟ್ಟ ಅಳತೆ. ನಲವತ್ತೂ ಮಕ್ಕಳಿಗೆ ಇದನ್ನೇ ಹಿಡಿದರೆ ದಿನಕ್ಕೆ ಎರಡು ಕೆ.ಜಿ. ಚೆನ್ನಾಗಿ ಗೊಬ್ಬರ ಉಂಡ ದಂಟು ಅಥವಾ ಕೀರೆ ಮಡಿಯಲ್ಲಿ ಒಂದು ಚದರ ಮೀಟರಿಗೆ ಒಂದು ಕೆ.ಜಿ. ಸಿಗುತ್ತದೆ, ಬಿತ್ತಿದ ಇಪ್ಪತ್ತೈದು ಮೂವತ್ತು ದಿನಕ್ಕೆ ಕೀಳಬಹುದು. ದಿನಕ್ಕೆ ಎರಡು ಚದರ ಮೀಟರ್ ಕಿತ್ತು ಅಲ್ಲೇ ಮತ್ತೆ ಬಿತ್ತುತ್ತ ಹೋದರೆ ತಿಂಗಳ ಚಕ್ರಕ್ಕೆ ಬೇಕಾದ್ದು ಅರವತ್ತು ಚದರ ಮೀಟರ್. ಹುಳ ತಿಂದದ್ದು, ಮೊಳೆಯದೆ ಹೋದದ್ದು ಎಲ್ಲ ಕಳೆದರೂ ನೂರು ಚದರ ಮೀಟರ್ ಸಾಕು. ಅಂದರೆ ಒಂದು ಗುಂಟೆ. ನಿಮ್ಮ ಹತ್ತಿರ ಅರವತ್ತು ಗುಂಟೆ ಇದೆ!

ಆ ಒಂದು ಗುಂಟೆಗೂ ದಿನಕ್ಕೆ ಐನೂರು ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಮೂವತ್ತಮೂರು ಬಿಂದಿಗೆ. ಅದನ್ನು ಹೊರುವವರು ಯಾರು ಅಂತ ಕೇಳಿಕೊಳ್ಳದೆ ಇನ್ನೊಂದು ಮಡಿ ಹಾಕಬೇಡಿ. ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಮಕ್ಕಳು ಕೈ ತಟ್ಟೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಅದನ್ನು ಒಂದು ಕಾಲುವೆ ಮಾಡಿ ಪರಂಗಿ, ಬಾಳೆ, ನುಗ್ಗೆಯ ಬುಡಕ್ಕೆ ತಿರುಗಿಸಬಹುದು, ಸೊಪ್ಪಿನ ಮಡಿಗೆ ಬೇಡ.

ಆದ್ದರಿಂದ ನನ್ನ ಸಲಹೆ: ಸೊಪ್ಪಿಗೆ ಎರಡು ಗುಂಟೆ ಇಡಿ, ಒಂದು ಮಕ್ಕಳಿಗೆ, ಇನ್ನೊಂದು ಬಸುರಿ ಬಾಣಂತಿಯರಿಗೆ. ಬೆಂಡೆ, ಬದನೆ, ಟೊಮೆಟೊ, ಸಿಹಿಗುಂಬಳಕ್ಕೆ ಮೂರು ನಾಲ್ಕು ಗುಂಟೆ. ಹೂಕೋಸು, ಕ್ಯಾರೆಟ್ ತಂಟೆಗೆ ಹೋಗಬೇಡಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನಿದ್ದ ಒಂದು ಯೋಜನೆಯಲ್ಲಿ ಹತ್ತು ಬಗೆ ತರಕಾರಿ ಬೀಜದ ಬಣ್ಣಬಣ್ಣದ ಪೊಟ್ಟಣಗಳನ್ನು ಮನೆಮನೆಗೆ ಹಂಚಿದೆವು. ಪೊಟ್ಟಣ ಬಂದದ್ದು ಮಾರ್ಚಿ ಕೊನೆಯಲ್ಲಿ, ಆ ವರ್ಷದ ಅನುದಾನ ಮುಗಿಯುವ ಹೊತ್ತಿಗೆ. ಏಪ್ರಿಲ್ ಬಿಸಿಲಿನಲ್ಲಿ ಬದುಕಿದ್ದು ಬೆಂಡೆ ಒಂದೇ. ವರದಿಯಲ್ಲಿ ಮಾತ್ರ ಹತ್ತೂ ಬಗೆ ಚೆನ್ನಾಗಿಯೇ ಬೆಳೆದವು, ಬರೆದವಳು ನಾನೇ.

ಬೇಲಿಯ ಉದ್ದಕ್ಕೂ ನುಗ್ಗೆ ನೆಡಿ. ಕಾಯಿಗಿಂತ ಸೊಪ್ಪು ನಮಗೆ ಮುಖ್ಯ. ನೂರು ಗ್ರಾಂ ನುಗ್ಗೆ ಸೊಪ್ಪಿನಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಗಿಲಾಗಿ ಸುಣ್ಣದಂಶ ಇದೆ. ಬೇರೆ ಸೊಪ್ಪಿನ ಮಡಿ ಒಣಗುವ ಬೇಸಿಗೆಯಲ್ಲೂ ಅದು ಚಿಗುರುತ್ತದೆ. ಎದೆಯೆತ್ತರಕ್ಕೆ ಸವರುತ್ತ ಬಂದರೆ ಹೆಂಗಸರ ಕೈಗೆ ಸಿಗುತ್ತದೆ, ಇಲ್ಲದಿದ್ದರೆ ಆಕಾಶಕ್ಕೆ ಹೋಗಿ ಕೂರುತ್ತದೆ. ನಡುನಡುವೆ ಪರಂಗಿ, ನಿಂಬೆ, ನೆಲ್ಲಿ, ಕರಿಬೇವು. ಕುರಿಯ ಸೀಮೆ ನಿಮ್ಮದು, ಬೇಲಿ ಗಟ್ಟಿಯಿಲ್ಲದಿದ್ದರೆ ಇಷ್ಟೆಲ್ಲ ಹೇಳಿದ್ದೂ ದಂಡ. ಹೊರಗಡೆ ಕತ್ತಾಳೆ, ಒಳಗಡೆ ಲಕ್ಕಿ ಹಾಕಿ. ಲಕ್ಕಿಗೆ ಕುರಿ ಮೇಕೆ ಬಾಯಿ ಹಾಕುವುದು ಕಡಿಮೆ.

ಉಳಿದ ಐವತ್ತು ಗುಂಟೆಗೆ ಮಳೆಯಾಶ್ರಯದ ಕಡಲೆಕಾಯಿ, ಎಂಟು ಸಾಲಿಗೆ ಎರಡು ಸಾಲು ತೊಗರಿ. ಅಂಚಿನಲ್ಲಿ ಅವರೆ, ಅಲಸಂದೆ. ಹಿಂಗಾರಿಗೆ ಒಂದು ತುಂಡು ಹುರುಳಿ. ರಾಗಿ ಬೇಡವೇ ಅಂತ ಕೇಳಬಹುದು. ರಾಗಿ ಹೇಗೂ ಹೆಚ್ಚಿನ ಮನೆಗಳ ಹೊಲದಲ್ಲಿ, ಇಲ್ಲವೇ ರೇಷನ್ನಿನಲ್ಲಿ ಸಿಗುತ್ತದೆ. ಮಗುವಿನ ತಟ್ಟೆಯಲ್ಲಿ ಖಾಲಿಯಿರುವುದು ಕಾಳಿನ ಜಾಗ ಮತ್ತು ಎಣ್ಣೆಯ ಜಾಗ. ಕಡಲೆಕಾಯಿ ಎರಡನ್ನೂ ಒಟ್ಟಿಗೆ ತುಂಬುತ್ತದೆ, ನೂರು ಗ್ರಾಂ ಬೀಜದಲ್ಲಿ ಕಾಲು ಭಾಗದಷ್ಟು ಪ್ರೋಟೀನು, ಅರ್ಧದ ಹತ್ತಿರ ಎಣ್ಣೆ.

ಇದಕ್ಕೂ ಲೆಕ್ಕ ಇದೆ. ಅದೇ ಮಾರ್ಗಸೂಚಿಯ ಪ್ರಕಾರ ಪುಟ್ಟ ಮಗುವಿಗೆ ದಿನಕ್ಕೆ 30 ಗ್ರಾಂ ಬೇಳೆಕಾಳು. ನಲವತ್ತು ಮಕ್ಕಳಿಗೆ ವರ್ಷಕ್ಕೆ ನಾಲ್ಕು ಕ್ವಿಂಟಲ್ ಮೇಲಾಯಿತು, ಮಳೆ ಕೈಹಿಡಿದರೂ ಆ ಭೂಮಿಯಲ್ಲಿ ಅಷ್ಟು ಕಾಳು ಬರುವುದು ಕಷ್ಟ. ಆದರೆ ಮೂರು ವರ್ಷದೊಳಗಿನವರು ಹದಿನೆಂಟು ಮಕ್ಕಳು ಅಂದುಕೊಳ್ಳಿ. ಅವರಿಗೆ ಬೇಕಾದ್ದು ಎರಡು ಕ್ವಿಂಟಲ್. ತೊಗರಿ, ಅವರೆ, ಅಲಸಂದೆ ಎಲ್ಲ ಕೂಡಿ, ಕಡಿಮೆ ಬಿದ್ದಲ್ಲಿ ಕಡಲೆಬೀಜ ಸೇರಿ, ಇದು ಕೈಗೆಟುಕುವ ಮಾತು. ದೊಡ್ಡ ಮಕ್ಕಳಿಗೆ ಅಂಗನವಾಡಿಯ ಊಟವಿದೆ, ಶಾಲೆಯ ಬಿಸಿಯೂಟ, ಮೊಟ್ಟೆ, ಹಾಲು ಇದೆ. ಎಲ್ಲರಿಗೂ ಚಿಟಿಕೆ ಚಿಟಿಕೆ ಹಂಚುವುದಕ್ಕಿಂತ ಈ ಹದಿನೆಂಟು ಮಕ್ಕಳಿಗೆ ಪೂರ್ತಿ ಕೊಡಿ. ಊರಲ್ಲಿ ಮುನಿಸು ಬರುತ್ತದೆ, ಗೊತ್ತು. ಅದಕ್ಕೇ ಮೊದಲೇ ಗ್ರಾಮಸಭೆಯಲ್ಲಿ ಹೇಳಿ ಠರಾವು ಮಾಡಿಸಿಡಿ.

ಕಡಲೆಕಾಯಿಯ ವಿಷಯದಲ್ಲಿ ಎರಡು ಎಚ್ಚರ. ಕಿತ್ತ ಕಾಯನ್ನು ನಾಲ್ಕೈದು ದಿನ ಚೆನ್ನಾಗಿ ಒಣಗಿಸಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಬೂಷ್ಟು ಹಿಡಿದ, ಸುಕ್ಕಿದ, ಕಹಿ ಬೀಜವನ್ನು ಆರಿಸಿ ಎಸೆಯಿರಿ, ಹಿಂಡಿಗೂ ಹಾಕಬೇಡಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಈಲಿಗೆ, ಅಂದರೆ ಲಿವರ್‌ಗೆ, ಪೆಟ್ಟು ಕೊಡುತ್ತದೆ, ಮಕ್ಕಳ ಬೆಳವಣಿಗೆಗೂ ಅಡ್ಡಿ ಎಂಬ ಅನುಮಾನ ಬಲವಾಗಿದೆ. ಇನ್ನೊಂದು, ಚಿಕ್ಕ ಮಕ್ಕಳಿಗೆ ಇಡೀ ಬೀಜ ಕೊಡಲೇಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ಡಬ್ಬಿಯಲ್ಲಿಟ್ಟರೆ ಎರಡು ಚಮಚ ಯಾವ ಗಂಜಿಗಾದರೂ ಬೆರೆಯುತ್ತದೆ.

ಗಂಜಿ ಅಂದೆನಲ್ಲ, ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ರಾಗಿ ಸರಿ ನೆನಪಿದೆಯಾ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು. ಇದರ ಹಿಂದೆ ಒಂದು ಸೊಗಸಾದ ಕೆಲಸ ನಡೆಯುತ್ತದೆ. ಮೊಳಕೆ ಬಂದ ರಾಗಿಯಲ್ಲಿ ಪಿಷ್ಟವನ್ನು ಕತ್ತರಿಸುವ ಕಿಣ್ವ ಹುಟ್ಟಿಕೊಳ್ಳುತ್ತದೆ. ಮಾಮೂಲಿ ಹಿಟ್ಟಿನ ಗಂಜಿ ಎರಡು ಚಮಚಕ್ಕೇ ಗಟ್ಟಿಯಾಗುತ್ತದೆ, ತಾಯಿ ನೀರು ಹಾಕಿ ತೆಳು ಮಾಡುತ್ತಾಳೆ, ಮಗುವಿನ ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಹೋಗುತ್ತದೆ. ಮೊಳಕೆ ಹಿಟ್ಟಾದರೆ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಕುಡಿಯುವ ಹದದಲ್ಲೇ ಇರುತ್ತದೆ. ರಾಗಿಯ ಕಬ್ಬಿಣದಂಶವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೊಳಕೆ ರಾಗಿಯ ಮಕ್ಕಳ ಆಹಾರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಹುರಿಯುವಾಗ ತೀರ ಕೆಂಪಗೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ, ಪರಿಮಳ ಬಂದ ತಕ್ಷಣ ಇಳಿಸಿ. ಮೂರು ಪಾಲು ಮೊಳಕೆ ರಾಗಿ, ಒಂದು ಪಾಲು ಹುರಿದ ಅಲಸಂದೆ ಅಥವಾ ತೊಗರಿಬೇಳೆ, ಅರ್ಧ ಪಾಲು ಕಡಲೆಬೀಜದ ಪುಡಿ. ನಿಮ್ಮ ಒಕ್ಕೂಟ ತಿಂಗಳಿಗೊಮ್ಮೆ ಒಂದು ದಿನ ಕೂತು ಇದನ್ನು ಮಾಡಿ, ಹದಿನೆಂಟು ಮನೆಗೂ ಕೊಟ್ಟರೆ, ಅದೇ ತೋಟದ ಮುಖ್ಯ ಫಸಲು ಅಂತ ನಾನು ಹೇಳುತ್ತೇನೆ. ಕಡಲೆಪುಡಿ ಬೆರೆತ ಹಿಟ್ಟು ಬೇಗ ಕಮಟುತ್ತದೆ, ತಿಂಗಳಿಗಿಂತ ಹೆಚ್ಚು ಇಡಬೇಡಿ.

ಮತ್ತೆ ಅಡುಗೆಮನೆಗೆ ಬರುತ್ತೇನೆ. ವಾರಕ್ಕೊಂದು ದಿನ, ಸಂಜೆ ಹೊತ್ತು, ಯಾರದಾದರೂ ಜಗಲಿಯ ಮೇಲೆ ಪುಟ್ಟ ಮಕ್ಕಳನ್ನೂ ಅವರ ಅಜ್ಜಿಯರನ್ನೂ ಕೂರಿಸಿ. ಭಾಷಣ ಬೇಡ. ಖಾರ ಹಾಕುವ ಮೊದಲೇ ಮಗುವಿನ ಪಾಲಿನ ಸೊಪ್ಪುಕಾಳನ್ನು ತೆಗೆದಿಟ್ಟು, ಮುದ್ದೆಯ ಜೊತೆ ಬೆರಳಲ್ಲಿ ನುರಿದು, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ, ನಾಲ್ಕು ಹನಿ ನಿಂಬೆ ಹಿಂಡಿ ತಿನ್ನಿಸಿ ತೋರಿಸಿ. ಎಣ್ಣೆ ಇಲ್ಲದೆ ಸೊಪ್ಪಿನ ಎ ಜೀವಸತ್ವ ಮೈಗೆ ಸರಿಯಾಗಿ ಹತ್ತುವುದಿಲ್ಲ, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆ ಟೀ ಕೊಡುವ ಚಾಳಿ ನಿಮ್ಮೂರಲ್ಲೂ ಇರಬಹುದು, ಅದು ಕಬ್ಬಿಣವನ್ನು ಕಿತ್ತುಕೊಳ್ಳುತ್ತದೆ. ನಾನು ಹೇಳಿದೆನಲ್ಲ ಆ ಮನೆಯ ಅಜ್ಜಿ, ಮೂರನೇ ವಾರಕ್ಕೆ ತಾವೇ ಮೊಮ್ಮಗನಿಗೆ ಪಲ್ಯ ನುರಿದು ಇಟ್ಟರು. ಭೇದಿಯಾಗಲಿಲ್ಲ. ಆಮೇಲೆ ಬೀದಿಯ ಬೇರೆ ಅಜ್ಜಿಯರಿಗೆ ಹೇಳುವ ಕೆಲಸವನ್ನು ಅವರೇ ವಹಿಸಿಕೊಂಡರು, ನನ್ನ ಮಾತಿಗೆ ಯಾವತ್ತೂ ಸಿಗದ ಬೆಲೆ ಅವರ ಮಾತಿಗೆ ಸಿಕ್ಕಿತು.

ಕೋಳಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತೋಟದಲ್ಲಿ ಒಟ್ಟಿಗೆ ಸಾಕುವುದಕ್ಕಿಂತ ತೂಕ ಕಡಿಮೆಯಿರುವ ಹನ್ನೊಂದು ಮಕ್ಕಳ ಮನೆಗೆ ಎರಡೆರಡು ಹೆಣ್ಣು ಕೋಳಿ ಕೊಡಿ, ತಿನ್ನುವ ಮನೆಗಳಾದರೆ. ನಾಟಿ ಕೋಳಿ ವರ್ಷಕ್ಕೆ ಅರವತ್ತು ಎಂಬತ್ತು ಮೊಟ್ಟೆ ಇಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಗಿರಿರಾಜ ಹಿತ್ತಲಲ್ಲಿ ಕೆದಕಿ ತಿಂದರೂ ನೂರಿಪ್ಪತ್ತು ಇಡುತ್ತದೆ ಅಂದುಕೊಂಡರೆ, ಎರಡು ಕೋಳಿಗೆ ಇನ್ನೂರ ನಲವತ್ತು, ಅಂದರೆ ಮೂರು ದಿನಕ್ಕೆ ಎರಡು ಮೊಟ್ಟೆ. ಕೊಕ್ಕರೆ ರೋಗದ ಲಸಿಕೆ ಹಾಕಿಸದೆ ಮಾತ್ರ ಕೊಡಬೇಡಿ, ಹಂಚಿದ ಕೋಳಿಗಳೆಲ್ಲ ಒಂದೇ ವಾರದಲ್ಲಿ ನೆಲಕ್ಕೆ ಬಿದ್ದದ್ದನ್ನು ನೋಡಿದ್ದೇನೆ. ರಾತ್ರಿ ಕೋಳಿ ಗೂಡಿನಲ್ಲಿರಲಿ, ಮಗು ಅಂಬೆಗಾಲಿಡುವ ನೆಲದ ಮೇಲಲ್ಲ. ಹಿಕ್ಕೆ ಬಾಯಿಗೆ ಹೋಗಿ ಭೇದಿ ಹಿಡಿದರೆ ತಿಂದ ಮೊಟ್ಟೆ ಕರಗಿತು ಅಂತಲೇ ಲೆಕ್ಕ.

ಆ ಕೆಂಪು ಪಟ್ಟಿಯ ಇಬ್ಬರ ವಿಷಯ ಬೇರೆ, ದಯವಿಟ್ಟು ಬೆರೆಸಬೇಡಿ. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ಚಿಕಿತ್ಸೆ ಬೇಕು. ತೋಟ ಚಿಗುರುವವರೆಗೂ ಕಾಯುವ ಹಾಗಿಲ್ಲ. ಟೀಚರ್, ಆಶಾ ಕಾರ್ಯಕರ್ತೆ ಇಬ್ಬರನ್ನೂ ಕರೆದುಕೊಂಡು ಈ ವಾರವೇ ಆಸ್ಪತ್ರೆಗೆ ತೋರಿಸಿ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕಾ ಅಂತ ಕೇಳಿ. ತಾಯಿ ಕೂಲಿ ಹೋಗುತ್ತದೆ ಅಂತ ಹಿಂಜರಿಯುತ್ತಾಳೆ. ಅಲ್ಲಿ ತಾಯಿಗೂ ಊಟ, ಕೂಲಿ ನಷ್ಟಕ್ಕೆ ಒಂದಿಷ್ಟು ದುಡ್ಡು ಕೊಡುವ ಏರ್ಪಾಡಿದೆ, ಅದನ್ನು ಮೊದಲೇ ಹೇಳಿ. ಉಳಿದ ಮನೆಗೆಲಸಕ್ಕೆ ನಿಮ್ಮ ಸಂಘದವರು ಹೆಗಲು ಕೊಟ್ಟರೆ ಆಕೆ ಹೋಗುತ್ತಾಳೆ.

ಈ ತಾಯಂದಿರ ಬಗ್ಗೆಯೇ ಇನ್ನೊಂದು ಮಾತು. ಆ ಹನ್ನೊಂದು ಮನೆಗಳಲ್ಲಿ ಹೆಚ್ಚಿನವು ಜಮೀನಿಲ್ಲದವು, ಕೂಲಿಗೋ ಕುರಿ ಹಿಂದೆಯೋ ಹೋಗುವವು ಇರಬಹುದು. ತೋಟದಲ್ಲಿ ದಿನಕ್ಕೊಬ್ಬರು ಪುಕ್ಕಟೆ ದುಡಿಯಬೇಕು ಅಂತ ನಿಯಮ ಮಾಡಿದರೆ ಮೊದಲು ಬಿಡುವವರು ಅವರೇ, ಬಿಟ್ಟ ಮೇಲೆ 'ಅವರಿಗೆ ಆಸಕ್ತಿಯಿಲ್ಲ' ಅಂತ ನಾವೇ ಹೇಳಿಬಿಡುತ್ತೇವೆ. ಆರು ತಿಂಗಳ ಕೂಸನ್ನು ಬಿಟ್ಟು ಕಳೆ ಕೀಳಲು ಬಂದ ತಾಯಿ ತೋಟಕ್ಕೆ ಕೊಟ್ಟದ್ದು ಮಗುವಿಗೆ ಹಾಲೂಡಿಸುವ ಹೊತ್ತನ್ನು. ಅವರಿಗೆ ಕೂಲಿ ಕೊಡಿ. ಭೂಮಿ ಹದ, ಬದು, ಗುಂಡಿ, ಗಿಡ ನೆಡುವ ಕೆಲಸವನ್ನು ಉದ್ಯೋಗ ಖಾತ್ರಿಯ ಕೆಲಸದ ಪಟ್ಟಿಗೆ ಸೇರಿಸಲು ಆಗುತ್ತದಾ ಅಂತ ಪಿಡಿಒ ಹತ್ತಿರ ಕೇಳಿ. ನಿಮ್ಮ ಪಂಚಾಯಿತಿಯಲ್ಲಿ, ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ನಡೆಯುತ್ತಿದ್ದರೆ ತೋಟದ ಮೊದಲ ಬುಟ್ಟಿ ಅಲ್ಲಿಗೇ ಹೋಗಲಿ. ನಾವು ಹುಡುಕುತ್ತಿರುವ ವಯಸ್ಸಿನ ಮಕ್ಕಳು ಒಂದೇ ಕಡೆ ಕೂತು ಸಿಗುವ ಜಾಗ ಅದು.

ಸದಸ್ಯರ ಸಲಹೆಗೆ ಬರುತ್ತೇನೆ. ಹಾಲು ತಪ್ಪಲ್ಲ. ಬಿಸ್ಕತ್ತು ಹಿಟ್ಟು ಸಕ್ಕರೆಯೇ ತಾನೆ, ಅದರ ಜೊತೆ ತೋಟಕ್ಕೆ ಏನು ಕೆಲಸ. ನಾನು ಹೆದರುವುದು 'ಬೆಳೆದದ್ದನ್ನೆಲ್ಲ' ಎಂಬ ಮಾತಿಗೆ. ಹಳೆಯ ಒಂದು ಯೋಜನೆಯಲ್ಲಿ ಮಕ್ಕಳ ಹೆಸರಲ್ಲೇ ಶುರುವಾದ ತೋಟಕ್ಕೆ ಆ ವರ್ಷ ಟೊಮೆಟೊ ಬೆಲೆ ಏರಿದ್ದೇ ತಡ, ಮುಂದಿನ ವರ್ಷ ಇಡೀ ಜಾಗಕ್ಕೆ ಟೊಮೆಟೊ ಬಿತ್ತು. ಅದರ ಮುಂದಿನ ವರ್ಷ ಬೆಲೆ ಬಿತ್ತು, ಔಷಧಿ ಅಂಗಡಿಯ ಸಾಲ ಉಳಿಯಿತು, ತೋಟ ಬೀಳು ಬಿತ್ತು. ಮಕ್ಕಳಿಗೆ ಮೂರು ವರ್ಷದಲ್ಲೂ ಏನೂ ಬರಲಿಲ್ಲ. ಮಾರುವುದೇ ಬೇಡ ಅಂತಲ್ಲ, ಬೇಲಿಗೆ, ಬೀಜಕ್ಕೆ, ಕೂಲಿಗೆ ದುಡ್ಡು ಬೇಕು. ಆದರೆ ಮೊದಲ ಕೊಯ್ಲು ಪಟ್ಟಿಯಲ್ಲಿರುವ ಮನೆಗಳಿಗೆ, ಮಿಕ್ಕದ್ದು ಸಂತೆಗೆ ಅಂತ ಪುಸ್ತಕದಲ್ಲಿ ಬರೆದಿಡಿ, ಖಾತೆ ನಿಮ್ಮ ಒಕ್ಕೂಟದ ಹೆಸರಲ್ಲೇ ಇರಲಿ.

ಹೀಗೆ ಹೆಂಗಸರೇ ಊರಿನ ದಾಸ್ತಾನು ಹಿಡಿದು ನಡೆಸಿದ ಉದಾಹರಣೆ ನಮ್ಮ ಬೀದರ್ ಗಡಿಯಾಚೆಯೇ ಇದೆ. ತೆಲಂಗಾಣದ ಜಹೀರಾಬಾದ್ ಸುತ್ತ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳು, ಬಹುಪಾಲು ದಲಿತ ಹೆಂಗಸರವು. ಅದನ್ನು ಕಟ್ಟಿದವರಲ್ಲಿ ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದು, 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ಒಬ್ಬರು. ತೊಂಬತ್ತರ ದಶಕದಲ್ಲಿ ಅಲ್ಲಿನ ಸಂಘಗಳು ಬೀಳು ಭೂಮಿಗೆ ಮತ್ತೆ ಜೋಳ ಹಾಕಿಸಿ, ಬಂದದ್ದರಲ್ಲಿ ಒಂದು ಪಾಲನ್ನು ಊರಲ್ಲೇ ಕೂಡಿಟ್ಟು, ಯಾರು ಎಷ್ಟು ಬಡವರು ಅಂತ ಊರವರೇ ಗುರುತಿಸಿ, ಕಡಿಮೆ ಬೆಲೆಗೆ ಕೊಟ್ಟವು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ನಿಮಗೆ ಅದರಿಂದ ಕಲಿಯಬೇಕಾದ್ದು ಕೂಡಿಡುವ ಭಾಗ. ನಿಮ್ಮ ಕಡೆ ಹಸಿವಿನ ತಿಂಗಳು ಆಷಾಢ, ಶ್ರಾವಣ, ಭಾದ್ರಪದ. ಹಳೆ ರಾಗಿ ಮುಗಿದಿರುತ್ತದೆ, ಹೊಸದು ಕಾರ್ತಿಕಕ್ಕೆ, ತಾಯಂದಿರು ಹೊಲದಲ್ಲಿ, ಮಳೆಗಾಲದ ಭೇದಿ ಬೇರೆ. ಅಷ್ಟು ಹೊತ್ತಿಗೆ ಎಪ್ಪತ್ತು ಕೆ.ಜಿ. ಕಾಳು, ಕಡಲೆಬೀಜ ಒಕ್ಕೂಟದ ಡ್ರಮ್ಮಿನಲ್ಲಿ ಇರಲೇಬೇಕು ಅಂತ ಇಟ್ಟುಕೊಳ್ಳಿ. ಹದಿನೆಂಟು ಮಕ್ಕಳಿಗೆ ದಿನಕ್ಕೆ 30 ಗ್ರಾಂನಂತೆ, ಕಾರ್ತಿಕ ಬರುವವರೆಗಿನ ನಾಲ್ಕು ತಿಂಗಳಿಗೆ ಹೆಚ್ಚುಕಡಿಮೆ ಅಷ್ಟು ಬೇಕಾಗುತ್ತದೆ.

ಫಲ ಸಿಕ್ಕಿತಾ ಅಂತ ನೋಡುವುದು ಹೇಗೆ? ಮೊದಲ ವರ್ಷವೇ ತೂಕದ ಪಟ್ಟಿ ಹಿಡಿದು ಕೂತರೆ ಬೇಸರವಾಗುತ್ತದೆ, ಜ್ವರ ಭೇದಿ ಎಲ್ಲ ಅದರಲ್ಲಿ ಏರಿಳಿಯುತ್ತವೆ. ತಿಂಗಳಿಗೊಮ್ಮೆ ಪ್ರತಿ ಮನೆಯಲ್ಲಿ, ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಮಗು ಏನೇನು ತಿಂತು ಅಂತ ಕೇಳಿ. ಎದೆಹಾಲು, ಧಾನ್ಯ ಗೆಡ್ಡೆ, ಕಾಳು ಬೀಜ, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಸೊಪ್ಪು ಮತ್ತು ಹಳದಿ ಕೆಂಪು ತರಕಾರಿ ಹಣ್ಣು, ಉಳಿದ ತರಕಾರಿ ಹಣ್ಣು, ಹೀಗೆ ಎಂಟು ಗುಂಪು. ಆರು ತಿಂಗಳು ತುಂಬಿದ, ಎರಡು ವರ್ಷದೊಳಗಿನ ಮಗುವಿಗೆ ಐದಾದರೂ ಸಿಗಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಮುದ್ದೆ, ತಿಳಿ ಸಾರು, ಎದೆಹಾಲು ಅಂದರೆ ಎರಡೇ ಆಯಿತು. ಎರಡು ಇದ್ದದ್ದು ಐದಾದರೆ ನಿಮ್ಮ ತೋಟ ಕೆಲಸ ಮಾಡುತ್ತಿದೆ.

ಶುರುಮಾಡುವ ಮೊದಲು ಆ ಜಾಗದ ಪಹಣಿ ತೆಗೆಸಿ. ಶಾಲೆಯ ಹೆಸರಲ್ಲಿದ್ದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಒಪ್ಪಿಗೆ, ಗೋಮಾಳವಾದರೆ ತಹಶೀಲ್ದಾರರು, ಪಂಚಾಯಿತಿಯದಾದರೆ ಲಿಖಿತ ಠರಾವು. ಪಾಳು ಬಿದ್ದಾಗ ಯಾರಿಗೂ ಬೇಡವಾದ ಜಾಗ, ಕಡಲೆಕಾಯಿ ಹೂ ಬಿಟ್ಟಾಗ ನಾಲ್ಕು ಜನರ ಅಜ್ಜನ ಆಸ್ತಿಯಾಗುತ್ತದೆ. ಈಗಲೇ ಮುಂಗಾರಿಗೆ ಮೊದಲೇ ಬೇಲಿ ಮುಗಿಸಿ, ಮೊದಲ ಮಳೆಗೆ ನುಗ್ಗೆ ನೆಡಿ. ಉದ್ಘಾಟನೆಗೆ ಅಂತ ದೊಡ್ಡ ಬೋರ್ಡು ಬರೆಸಲು ಯಾರಾದರೂ ದುಡ್ಡು ಕೊಟ್ಟರೆ, ಬೇಡ ಅನ್ನಬೇಡಿ, ಆ ದುಡ್ಡಿಗೆ ಒಂದು ಕಬ್ಬಿಣದ ಗೇಟು ಮಾಡಿಸಿ, ಅವರ ಹೆಸರನ್ನು ಗೇಟಿನ ಮೇಲೆ ಬರೆಸಿ.